ಹಾಯಿದೋಣಿಯ ಟ್ಯಾಂಕ್ ಮೀಟರ್, ಕೊಡಗಿನ ಕಕ್ಕಬ್ಬೆಯ ಹೋಂಸ್ಟೇಯಲ್ಲಿ

ಹೊಳೆ ಪಕ್ಕದಲ್ಲಿ ಹೋಂಸ್ಟೇ ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಒಂದು ಸಲ ಪೂರ್ತಿ ಹೊಡೆಯಲಿ, ಆಮೇಲೆ ಹೇಳೋಣ ಅಂತ ಕಾದಿದ್ದೆ. ಈಗ ಧೈರ್ಯವಾಗಿ ಹೇಳಬಹುದು: ಟಾಯ್ಲೆಟ್ ಟ್ಯಾಂಕ್ ಎಷ್ಟು ತುಂಬಿದೆ ಅಂತ ಹೊರಗಿನಿಂದಲೇ ತೋರಿಸುವ, ಹಾಯಿದೋಣಿಗೆ ಮಾಡಿದ ಈ ಮೀಟರ್ ಕೆಲಸಕ್ಕೆ ಬರುವ ವಸ್ತು. ಆದರೆ ಎಲ್ಲರ ಮನೆಗೂ ಹೊಂದುವುದಿಲ್ಲ.

ಮೊದಲು ನಮ್ಮ ಜಾಗದ ವಿಷಯ ಹೇಳಬೇಕು. ಎರಡು ಕಾಟೇಜ್, ಎಂಟು ಜನ ಉಳಿಯಬಹುದು. ಕೆಳಗೆ ಗದ್ದೆ, ಗದ್ದೆ ಅಂಚಿಗೆ ಬಾವಿ, ಅದರಾಚೆ ತೋಡು, ಅಂದರೆ ಸಣ್ಣ ಹಳ್ಳ. ಆ ತೋಡು ಕಕ್ಕಬ್ಬೆ ಹೊಳೆಗೆ, ಹೊಳೆ ಕಾವೇರಿಗೆ. ಇಂಥ ಕಡೆ ಇಂಗುಗುಂಡಿ ತೋಡಿದರೆ ಮಳೆಗಾಲದಲ್ಲಿ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನೆಲದೊಳಗಿನ ನೀರೇ ಮೇಲಕ್ಕೆ ಬರುತ್ತದೆ, ಗುಂಡಿಯಲ್ಲಿರುವುದು ಬಾವಿಗೆ ಸೇರುತ್ತದೆ. ಅದಕ್ಕೇ ಟಾಯ್ಲೆಟ್ ನೀರನ್ನು ನೆಲಕ್ಕೆ ಬಿಡುವುದೇ ಬೇಡ ಅಂತ ತೀರ್ಮಾನ ಮಾಡಿದೆವು. ಇಳಿಜಾರಿನಲ್ಲಿ ಕಾಂಕ್ರೀಟ್ ಕಟ್ಟೆ ಹಾಕಿ 2000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಕೂರಿಸಿದ್ದೇವೆ, ಮೇಲೆ ಶೀಟ್ ಇದೆ. ಹೂಳಲಿಲ್ಲ. ಹೂತ ಪ್ಲಾಸ್ಟಿಕ್ ಟ್ಯಾಂಕ್ ಖಾಲಿಯಾಗಿದ್ದಾಗ ಸುತ್ತ ನೀರು ನಿಂತರೆ ಮೇಲಕ್ಕೆ ಎದ್ದು ಬರುತ್ತದೆ. ಸ್ನಾನದ ನೀರು ಬೇರೆ ಪೈಪಿನಲ್ಲಿ ಬಾಳೆಗೆ ಹೋಗುತ್ತದೆ. ಟಾಯ್ಲೆಟ್‌ಗಳಿಗೆ 3 ಮತ್ತು 6 ಲೀಟರಿನ ಡ್ಯುಯಲ್ ಫ್ಲಶ್.

ಟ್ಯಾಂಕ್ ತುಂಬುವ ಮೊದಲು ಹೊಲಸನ್ನು ಪಂಪಿನಿಂದ ಎಳೆದು ಒಯ್ಯುವ ಸಕ್ಕಿಂಗ್ ಗಾಡಿ ಬರಬೇಕು. ತೊಂದರೆ ಇರುವುದೇ ಇಲ್ಲಿ. ಎಷ್ಟು ತುಂಬಿದೆ ಅಂತ ಗೊತ್ತಾಗುವುದು ಹೇಗೆ? ಮುಚ್ಚಳ ತೆಗೆದು ಟಾರ್ಚ್ ಹಾಕಿ ಬಗ್ಗಿ ನೋಡುವುದು ಅಪಾಯ. ಒಳಗೆ ಮೀಥೇನ್ ಇರುತ್ತದೆ, ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದೇ. ಅದು ಜಾಸ್ತಿ ಆದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಮನುಷ್ಯ ಅಲ್ಲೇ ಬೀಳುತ್ತಾನೆ. ನಮ್ಮ ಕೆಲಸದವರನ್ನು ಆ ಮುಚ್ಚಳದ ಹತ್ತಿರ ಬಗ್ಗಿಸಲು ನನಗೆ ಮನಸ್ಸಿಲ್ಲ. ಟ್ಯಾಂಕಿನ ಒಳಗೆ ಆಳನ್ನು ಇಳಿಸುವ ಮಾತಂತೂ ಇಲ್ಲವೇ ಇಲ್ಲ, ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆಯೇ ನಿಷೇಧಿಸಿದೆ.

ಈ ಮೀಟರ್ ತೋರಿಸಿಕೊಟ್ಟವನು ನನ್ನ ತಮ್ಮ. ನೇವಿಯಲ್ಲಿದ್ದ, ಈಗ ಮುಂಬೈಯಲ್ಲಿ ಹಾಯಿದೋಣಿಗಳ ಮೇಂಟೆನೆನ್ಸ್ ನೋಡಿಕೊಳ್ಳುತ್ತಾನೆ. "ಅಕ್ಕಾ, ನಿನ್ನ ಕಷ್ಟ ದೋಣಿಯವರದ್ದೇ ಕಷ್ಟ" ಅಂದ. ದೋಣಿಯಲ್ಲೂ ಟಾಯ್ಲೆಟ್ಟಿನದು ಒಂದು ಟ್ಯಾಂಕಿಗೆ ಹೋಗಿ ನಿಲ್ಲುತ್ತದೆ. ಬಹಳ ಕಡೆ ದಡದ ಹತ್ತಿರ ಸಮುದ್ರಕ್ಕೆ ಬಿಡುವ ಹಾಗಿಲ್ಲ. ದೊಡ್ಡ ಹಡಗುಗಳಿಗಂತೂ ಸಮುದ್ರ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ 4ನೇ ಅನುಬಂಧ ಇದೆ, ಸಂಸ್ಕರಿಸದ ಕೊಳಚೆಯನ್ನು 12 ನಾಟಿಕಲ್ ಮೈಲಿ ದಾಟಿದ ಮೇಲೆಯೇ ಬಿಡಬೇಕು. ಅಂದರೆ ಸುಮಾರು 22 ಕಿಲೋಮೀಟರ್ ಆಚೆ. ಹಾಗಾಗಿ ಟ್ಯಾಂಕ್ ಎಷ್ಟು ತುಂಬಿದೆ ಅಂತ ತಿಳಿಯುವುದನ್ನು ದೋಣಿಯವರು ಬಹಳ ಹಿಂದೆಯೇ ತಲೆ ಕೆಡಿಸಿಕೊಂಡು ಕಲಿತಿದ್ದಾರೆ.

ಟ್ಯಾಂಕಿನೊಳಗೆ ತೇಲುವ ಫ್ಲೋಟ್ ಹಾಕಬಹುದು. ಆದರೆ ಪೇಪರ್ ಸುತ್ತಿಕೊಂಡು, ಜಿಡ್ಡು ಕಟ್ಟಿ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಮೇಲಿನಿಂದ ಶಬ್ದದ ಅಲೆ ಬಿಟ್ಟು ಅಳೆಯುವ ಅಲ್ಟ್ರಾಸಾನಿಕ್ ಸಿಗುತ್ತದೆ, ಅದಕ್ಕೆ ನೊರೆ ಮತ್ತು ಆವಿಯ ಹನಿ ಆಗಿಬರುವುದಿಲ್ಲ. ನಾನು ತೆಗೆದುಕೊಂಡದ್ದು ಮೂರನೇ ಬಗೆ. ಲೋಹದ ಹಾಳೆಯ ಪಟ್ಟಿಯನ್ನು ಟ್ಯಾಂಕಿನ ಹೊರಗೋಡೆಗೆ ಮೇಲಿನಿಂದ ಕೆಳಗೆ ಅಂಟಿಸುವುದು. ಒಳಗೆ ದ್ರವ ಎಲ್ಲಿಯವರೆಗೆ ಇದೆ ಅನ್ನುವುದನ್ನು ಆ ಪಟ್ಟಿ ಪ್ಲಾಸ್ಟಿಕ್ಕಿನ ಆಚೆಯಿಂದಲೇ ಗುರುತಿಸುತ್ತದೆ. ತೂತು ಕೊರೆಯುವುದಿಲ್ಲ, ಹೊಲಸಿಗೆ ಏನೂ ತಾಗುವುದಿಲ್ಲ. ಅಡುಗೆಮನೆ ಗೋಡೆಯ ಮೇಲೆ ಚಿಕ್ಕ ಡಬ್ಬಿ. ಗುಂಡಿ ಒತ್ತಿದರೆ ಖಾಲಿ, ಕಾಲು, ಅರ್ಧ, ಮುಕ್ಕಾಲು, ಫುಲ್ ಅಂತ ದೀಪ ಹತ್ತುತ್ತದೆ. ಎಲ್ಲ ಸೇರಿ 17 ಸಾವಿರದ ಆಸುಪಾಸು ಆಯಿತು. ಸುಮ್ನೆ ದೀಪ ಹತ್ತುವ ಡಬ್ಬಿಗೆ ಅದು ಜಾಸ್ತಿಯೇ, ಅಲ್ವಾ? ನನಗೂ ಹಾಗೇ ಅನಿಸಿತ್ತು.

ಮಳೆಗಾಲದಲ್ಲಿ ಅದರ ಬೆಲೆ ತಿಳಿಯಿತು. ದೋಣಿಗೆ ಮಾಡಿದ್ದರಿಂದ ಅದು 12 ವೋಲ್ಟ್‌ನಲ್ಲಿ ನಡೆಯುತ್ತದೆ. ಇನ್ವರ್ಟರ್ ಬ್ಯಾಟರಿಯಿಂದಲೇ ಎಲೆಕ್ಟ್ರಿಷಿಯನ್ ಒಂದು ಫ್ಯೂಸ್ ಹಾಕಿ ಎಳೆದುಕೊಟ್ಟರು. ಜುಲೈಯಲ್ಲಿ ಇಲ್ಲಿ ಮರ ಬಿದ್ದು ಕರೆಂಟ್ ದಿನಗಟ್ಟಲೆ ಹೋಗುತ್ತದೆ. ಆಗಲೂ ಮೀಟರ್ ನಿಲ್ಲಲಿಲ್ಲ. ಗಾಡಿಯವರು ವಿರಾಜಪೇಟೆ ಕಡೆಯಿಂದ ಬರಬೇಕು. "ಅಕ್ಕಾ, ಮಳೆ ಬಿಡಲಿ, ನಿಮ್ಮ ತಿರುವಿನಲ್ಲಿ ಗಾಡಿ ಹೂತರೆ ಯಾರು ಎಳೆಯೋದು?" ಅಂತಾರೆ. ಅವರ ಮಾತೂ ನಿಜ. ಈಗ ಅರ್ಧದ ದೀಪ ಹತ್ತಿದಾಗಲೇ ಫೋನ್ ಮಾಡುತ್ತೇನೆ. ಬಿಸಿಲು ಬಂದ ದಿನ ಅವರು ಬಂದು ಹೋಗುತ್ತಾರೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಬರುವವರಿಂದ ರೂಮುಗಳೆಲ್ಲ ತುಂಬುತ್ತವೆ. ಅದರ ಮೊದಲು ಟ್ಯಾಂಕ್ ಖಾಲಿ ಇರಬೇಕು ಅನ್ನುವುದು ನಮ್ಮ ಮನೆಯ ಕಟ್ಟುನಿಟ್ಟು.

ಕೊರತೆಗಳೂ ಇವೆ. ಜೊತೆಗೆ ಬಂದ ಅಂಟು ನಮ್ಮ ಥಂಡಿಗೆ ತಡೆಯಲಿಲ್ಲ. ಪಟ್ಟಿಯ ಕೆಳತುದಿ ಬಿಟ್ಟುಕೊಂಡಿತು, ಒಳಗೆ ಗಾಳಿ ಸೇರಿ ಅರ್ಧ ಇದ್ದದ್ದು ಕಾಲು ಅಂತ ತೋರಿಸಿತು. ಮಾರಿದವರಿಗೆ ಬರೆದೆ. ಉತ್ತರ ಬರುವಷ್ಟರಲ್ಲಿ ಮಳೆಯೇ ನಿಂತಿತ್ತು. ಅಷ್ಟು ದುಡ್ಡು ತೆಗೆದುಕೊಂಡವರು ಹೀಗೆ ಮಾಡಬಾರದು. ತಮ್ಮ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಟ್ಯಾಂಕಿನ ಮೈಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಪಟ್ಟಿಯನ್ನು ಬೆರಳಿನಿಂದ ಇಂಚಿಂಚಾಗಿ ಒತ್ತುತ್ತಾ ಅಂಟಿಸಿ, ಮೇಲೆ ಅಗಲದ ಟೇಪ್ ಹೊಡೆದೆವು. ಗುಳ್ಳೆ ಒಂದೂ ಉಳಿಯಬಾರದು. ಪಟ್ಟಿಯ ಮೇಲೆ ಮಳೆನೀರು ಇಳಿದರೂ ಲೆಕ್ಕ ತಪ್ಪುತ್ತದೆ, ಹಾಗಾಗಿ ಶೀಟ್ ಇಲ್ಲದೆ ಆಗುವುದಿಲ್ಲ. ಕಬ್ಬಿಣದ ಆಂಗಲ್, ತಂತಿ ಯಾವುದೂ ಪಟ್ಟಿಯ ಹತ್ತಿರ ಇರಬಾರದು.

ಇನ್ನೊಂದು ಮಾತು, ಇದೇ ಮುಖ್ಯ. ಮೀಟರ್ ಸರಿಯಾಗಿ ಹೇಳಬೇಕಾದರೆ ಟ್ಯಾಂಕಿನ ಒಳಗೋಡೆ ಚೊಕ್ಕಟವಾಗಿರಬೇಕು. ಹಾಲು ಕಾಯಿಸಿದ ಪಾತ್ರೆಯ ಅಂಚಿನ ಕೆನೆಯ ಹಾಗೆ ಗೋಡೆಗೆ ಒದ್ದೆ ಪದರ ಕಟ್ಟಿಕೊಂಡರೆ ಮೀಟರ್ ಅದನ್ನೂ ದ್ರವ ಅಂತಲೇ ಎಣಿಸುತ್ತದೆ, ಖಾಲಿ ಟ್ಯಾಂಕಿಗೂ ಅರ್ಧ ಅನ್ನುತ್ತದೆ. ಅದಕ್ಕೆ ಗಾಡಿಯವರು ಒಮ್ಮೆ ಎಳೆದ ಮೇಲೆ ಪೈಪ್ ಬಿಟ್ಟು ಗೋಡೆ ತೊಳೆಸಿ, ಆ ನೀರನ್ನೂ ಎಳೆಸುತ್ತೇನೆ. ಸ್ವಲ್ಪ ಜಾಸ್ತಿ ಕೊಡಬೇಕಾಗುತ್ತದೆ, ಕೊಡುತ್ತೇನೆ. ಫಿನಾಯಿಲ್, ಆ್ಯಸಿಡ್, ಬ್ಲೀಚಿಂಗ್ ಮೂರೂ ಬಂದ್. ಹೊಲಸನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ಅವು ಕೊಲ್ಲುತ್ತವೆ. ಕಮೋಡ್ ಮತ್ತು ಪೈಪಿನಲ್ಲಿ ಮೂತ್ರದ ಕಲೆ ಗಟ್ಟಿಯಾಗುತ್ತದಲ್ಲ, ಅದಕ್ಕೆ ನಿಂಬೆ ಉಪ್ಪನ್ನು (ಸಿಟ್ರಿಕ್ ಆ್ಯಸಿಡ್ ಪುಡಿ, ಟಾಯ್ಲೆಟ್ ಆ್ಯಸಿಡ್‌ನಷ್ಟು ಖಾರ ಅಲ್ಲ) ನೀರಿಗೆ ಹಾಕಿ ರಾತ್ರಿಯಿಡೀ ಬಿಡುತ್ತೇವೆ. ವೆಟ್ ವೈಪ್ಸ್, ಪ್ಯಾಡ್ ಟಾಯ್ಲೆಟ್‌ಗೆ ಹಾಕಬೇಡಿ ಅಂತ ಬೋರ್ಡ್ ಇದೆ. ಬೋರ್ಡಿಗಿಂತ ಮುಚ್ಚಳ ಇರುವ ಡಬ್ಬಿ ಇಟ್ಟದ್ದೇ ಕೆಲಸ ಮಾಡಿತು.

ಗಾಳಿ ಪೈಪಿನ ಮೇಲೂ ಕಣ್ಣಿಡಿ. ತಮ್ಮ ಹೇಳುವ ಪ್ರಕಾರ ದೋಣಿಯಲ್ಲಿ ವಾಸನೆಗೆ ದೊಡ್ಡ ಕಾರಣವೇ ಗಾಳಿ ಸಾಲದಿರುವುದು. ಗಾಳಿ ಆಡಿದರೆ ಗಬ್ಬು ಕಡಿಮೆ. ನಮ್ಮ ಟ್ಯಾಂಕಿಗೆ ಎದುರುಬದುರು ಎರಡು ಪೈಪ್ ಇಟ್ಟಿದ್ದೇವೆ, ಬಾಯಿಗೆ ಸಣ್ಣ ಜಾಲರಿ. ಜಾಲರಿ ಹರಿದ ಒಂದರೊಳಗೆ ಕಡಜ ಮಣ್ಣಿನ ಗೂಡು ಕಟ್ಟಿತ್ತು. ಗಾಡಿ ಬರುವ ಮುಂಚೆ ತೋಟದ ರೈಟರ್ (ಲೆಕ್ಕ, ಕೆಲಸ ನೋಡಿಕೊಳ್ಳುವವರು) ನೋಡಿದ್ದು ಒಳ್ಳೆಯದಾಯಿತು. ಗಾಳಿ ಬರಲು ದಾರಿಯೇ ಇಲ್ಲದೆ ಪಂಪ್ ಎಳೆದರೆ ಟ್ಯಾಂಕ್ ಒಳಕ್ಕೆ ಕುಗ್ಗಿ ಒಡೆಯಬಹುದು.

ಗಾಡಿಯವರಿಗೆ "ಎಲ್ಲಿ ಸುರಿಯುತ್ತೀರಿ?" ಅಂತ ಕೇಳಿ, ದಯವಿಟ್ಟು. ಒಬ್ಬರು ಉತ್ತರ ಕೊಡದೆ ಮಾತು ತೇಲಿಸಿದರು, ಅವರನ್ನು ಮತ್ತೆ ಕರೆಯಲಿಲ್ಲ. ಇಲ್ಲಿ ಮುಚ್ಚಿಟ್ಟು ಕಾಪಾಡಿದ್ದನ್ನು ಇನ್ಯಾವುದೋ ತೋಡಿಗೆ ಸುರಿದರೆ ಈ ಮೀಟರ್ ಯಾಕೆ ಬೇಕು? ಮೈಸೂರು, ಬೆಂಗಳೂರಿನವರು ಕುಡಿಯುವುದೂ ಇದೇ ಕಾವೇರಿ ನೀರನ್ನು.

ಯಾರು ತೆಗೆದುಕೊಳ್ಳಬೇಕು? ಪ್ಲಾಸ್ಟಿಕ್ ಟ್ಯಾಂಕ್ ನೆಲದ ಮೇಲಿದ್ದು, ಗಾಡಿಯನ್ನೇ ನಂಬಿದವರು ಖಂಡಿತ ತಗೊಳ್ಳಿ. ಲೋಹದ ಟ್ಯಾಂಕಿನ ಮೇಲೆ ಈ ಪಟ್ಟಿ ಕೆಲಸ ಮಾಡುವುದಿಲ್ಲ. ಕಲ್ಲು ಕಟ್ಟಿದ ಗುಂಡಿ ಇರುವವರಿಗೂ ಬೇಡ. ಅಡ್ಡ ಮಲಗಿಸಿದ ಉರುಟು ಟ್ಯಾಂಕ್ ಆದರೆ ಕಾಲು ಎತ್ತರ ಅಂದರೆ ಕಾಲು ಭಾಗ ಅಲ್ಲ, ನೀರು ಅಳೆದು ಹಾಕಿ ಗುರುತು ಮಾಡಿಕೊಳ್ಳಬೇಕು. ಆರ್ಡರ್ ಮಾಡುವ ಮೊದಲು ಟ್ಯಾಂಕಿನ ಎತ್ತರ, ಗೋಡೆಯ ದಪ್ಪ ಅಳೆದು ಕಳಿಸಿ. ವೈರ್ ಎಷ್ಟು ಉದ್ದ ಬೇಕು ಅಂತಲೂ ಆಗಲೇ ಹೇಳಿ, ಡಬ್ಬಿಯೊಳಗೆ ಬರುವುದು ದೋಣಿಯ ಅಳತೆಯದು, ಟ್ಯಾಂಕಿನಿಂದ ಅಡುಗೆಮನೆಗೆ ಸಾಲುವುದಿಲ್ಲ.