ಹೊಸ ಟ್ಯಾಟೂಗೆ ಅಂಟಿಸುವ ಫಿಲ್ಮ್: ಸೆಕೆಯಲ್ಲಿ ಒಂದು ದಿನದ ಮಟ್ಟಿಗೆ ಸೈ

ಟ್ಯಾಟೂ ಹಾಕಿದ ಕೂಡಲೇ ಅದರ ಮೇಲೆ ಅಂಟಿಸುವ ಪಾರದರ್ಶಕ ಹಾಳೆಗೆ ಕಲಾವಿದರು ‘ಸೆಕೆಂಡ್ ಸ್ಕಿನ್’ ಎನ್ನುತ್ತಾರೆ. ಟೆಗಾಡರ್ಮ್, ಸ್ಯಾನಿಡರ್ಮ್ ಇವುಗಳಲ್ಲಿ ಹೆಸರಾದವು. ಮೊದಲನೆಯದು ಆಸ್ಪತ್ರೆಯಲ್ಲಿ ಡ್ರಿಪ್ ಸೂಜಿ ಅಲುಗಾಡದಂತೆ ಹಾಕುವ ಡ್ರೆಸ್ಸಿಂಗ್, ಎರಡನೆಯದು ಟ್ಯಾಟೂಗೆಂದೇ ಮಾರುವಂಥದ್ದು. ಎರಡೂ ತೆಳುವಾದ ಫಿಲ್ಮ್, ಅಡಿಯಲ್ಲಿ ಅಂಟು. ಹೊರಗಿನ ನೀರು, ಬ್ಯಾಕ್ಟೀರಿಯಾ ಒಳಗೆ ಹೋಗುವುದಿಲ್ಲ. ಒಳಗಿನ ತೇವ ಆವಿಯಾಗಿ ನಿಧಾನಕ್ಕೆ ಹೊರಬೀಳುತ್ತದೆ. ಸೆಕೆಯಲ್ಲಿ ತೊಂದರೆ ಕೊಡುವುದು ಈ ‘ನಿಧಾನ’ವೇ.

ಗಾಯದಿಂದ ಒಸರುವ ದ್ರವವಷ್ಟೇ ಆದರೆ ಫಿಲ್ಮ್ ತಾಳಿಕೊಳ್ಳುತ್ತದೆ. ಅದರ ಜೊತೆಗೆ ಬೆವರೂ ಸುರಿಯತೊಡಗಿದರೆ, ಹೊರಗಿನ ಗಾಳಿಯಲ್ಲೇ ತೇವ ತುಂಬಿರುವಾಗ ಆವಿ ಹೋಗುವುದಾದರೂ ಎಲ್ಲಿಗೆ? ಬೆವರು ಒಳಗೇ ನಿಲ್ಲುತ್ತದೆ, ಚರ್ಮ ಬೆಳ್ಳಗೆ ನೆನೆದು ಸುಕ್ಕಾಗುತ್ತದೆ, ಬೆವರುಗುಳ್ಳೆ ಏಳುತ್ತದೆ. ಕೊನೆಗೆ ಅಂಚು ಬಿಟ್ಟುಕೊಂಡು ಅಲ್ಲಿಂದ ದ್ರವ ಸೋರುತ್ತದೆ. ಸೋರಲು ದಾರಿಯಾಯಿತೆಂದರೆ ಸೋಂಕಿಗೂ ದಾರಿಯಾಯಿತು. ತಂಪು ಹವೆಯಲ್ಲಿ ಒಂದೇ ಹಾಳೆಯನ್ನು ಹಲವು ದಿನ ಬಿಡುವ ಪದ್ಧತಿಯನ್ನು ಇಲ್ಲಿ ಅನುಸರಿಸಬಾರದು. 24 ಗಂಟೆ ಸಾಕು.

ಆ 24 ಗಂಟೆ ಮಾತ್ರ ಫಿಲ್ಮ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಧೂಳು, ಬಟ್ಟೆಯ ಉಜ್ಜಾಟ, ಹಾಸಿಗೆಗೆ ಅಂಟಿಕೊಳ್ಳುವ ಕಾಟ ಯಾವುದೂ ಇಲ್ಲ. ಅಂಟಿಸುವ ಮುನ್ನ ರಕ್ತ ಜಿನುಗುವುದು ನಿಂತಿರಬೇಕು, ಸುತ್ತಲಿನ ಚರ್ಮ ಪೂರ್ತಿ ಒಣಗಿರಬೇಕು, ಮುಲಾಮು ಲವಲೇಶವೂ ಇರಬಾರದು. ಎಣ್ಣೆಯಂಶದ ಮೇಲೆ ಅಂಟು ಹಿಡಿಯುವುದಿಲ್ಲ. ಚಿತ್ರಕ್ಕಿಂತ ಎಲ್ಲ ಕಡೆ 2.5 ಸೆಂ.ಮೀ. ಹೆಚ್ಚು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆಯೇ ಮೊದಲು ಏಳುವುದು. ಹಾಳೆಯನ್ನು ಎಳೆದು ಬಿಗಿಯಾಗಿ ಅಂಟಿಸಿದರೆ ಅಂಚಿನಲ್ಲಿ ನೀರುಗುಳ್ಳೆ ಬರುತ್ತದೆ, ಹಾಗೇ ಮೆಲ್ಲಗೆ ಹಾಸಿ ಒತ್ತಿ. ಕೊಳ್ಳುವಾಗ ಇನ್ನೊಂದು ಗಮನ: ಬಿಡಿಬಿಡಿಯಾಗಿ ಪ್ಯಾಕ್ ಆದ ಟೆಗಾಡರ್ಮ್ ಹಾಳೆ ಸ್ಟೆರೈಲ್ (ಕ್ರಿಮಿರಹಿತ), ಅದರದೇ ರೋಲ್ ಸ್ಟೆರೈಲ್ ಅಲ್ಲ. ಮೊದಲ ದಿನಕ್ಕೆ ಬಿಡಿ ಹಾಳೆಯನ್ನೇ ಆರಿಸಿ.

ಕೆಲವು ಗಂಟೆಯಲ್ಲೇ ಒಳಗೆ ಕಪ್ಪು ರಾಡಿ ಸೇರುವುದನ್ನು ಕಂಡು ಗಾಬರಿಯಾಗಬೇಡಿ. ಅದು ರಕ್ತದ ದ್ರವ ಮತ್ತು ಮೇಲೆ ಉಳಿದ ಇಂಕ್. ಟ್ಯಾಟೂವಿನ ಇಂಕ್ ಚರ್ಮದ ಎರಡನೇ ಪದರದಲ್ಲಿ ಕೂತಿರುತ್ತದೆ, ಕರಗಿ ಬರುವುದಿಲ್ಲ. ಆದರೆ ರಾಡಿ ಅಂಚಿನವರೆಗೆ ಹರಿದರೆ ಗಂಟೆ ಲೆಕ್ಕ ಬಿಟ್ಟು ತಕ್ಷಣ ತೆಗೆಯಿರಿ. ಸೂಜಿಯಿಂದ ಚುಚ್ಚಿ ಬಸಿದು ಮೇಲೆ ತೇಪೆ ಹಾಕುವುದು ತೀರಾ ಕೆಟ್ಟ ಉಪಾಯ.

ತೆಗೆಯುವಾಗ ಉಗುರುಬೆಚ್ಚಗಿನ ನೀರು ಹರಿಯಬಿಟ್ಟು, ಅಂಚನ್ನು ಚರ್ಮಕ್ಕೆ ಸಮಾನಾಂತರವಾಗಿ ಹಿಗ್ಗಿಸಿ. ಮೇಲಕ್ಕೆ ಕಿತ್ತರೆ ಎಳೆಚರ್ಮವೂ ಜೊತೆಗೆ ಬರುತ್ತದೆ.

ಆಮೇಲಿನ ದಿನಗಳಲ್ಲಿ ಸೆಕೆಗೆ ತಕ್ಕದ್ದು ಫಿಲ್ಮ್ ಇಲ್ಲದ ಬಯಲು ಆರೈಕೆಯೇ. ದಿನಕ್ಕೆ ಎರಡು ಮೂರು ಸಲ, ಸುವಾಸನೆಯಿಲ್ಲದ ದ್ರವ ಸೋಪಿನಿಂದ ಬೆರಳ ತುದಿಯಲ್ಲಿ ತೊಳೆಯಿರಿ. ಹೆಚ್ಚು ಬೆವರಿದಾಗಲೆಲ್ಲ ಬರೀ ನೀರು ಸಾಕು. ಪೇಪರ್ ಟವೆಲ್‌ನಿಂದ ಒತ್ತಿ, 10 ನಿಮಿಷ ಗಾಳಿಗೆ ಬಿಡಿ. ಜನ ಎಡವುವುದು ಇಲ್ಲಿಯೇ: ಒದ್ದೆ ಚರ್ಮದ ಮೇಲೆ ದಪ್ಪಗೆ ಮುಲಾಮು. ಪೆಟ್ರೋಲಿಯಂ ಜೆಲ್ಲಿ ತೇವವನ್ನು ಒಳಗೇ ಮುಚ್ಚಿಡುತ್ತದೆ, ಅಂದರೆ ತೆಗೆದ ಫಿಲ್ಮನ್ನೇ ಮತ್ತೆ ಹಚ್ಚಿದಂತೆ. ಅಂಗೈಯಗಲದ ಟ್ಯಾಟೂಗೆ ಬಟಾಣಿ ಕಾಳಿನಷ್ಟು ಮುಲಾಮು ಸಾಕು. ಐದು ನಿಮಿಷದ ನಂತರವೂ ಮಿರಮಿರ ಹೊಳೆಯುತ್ತಿದ್ದರೆ ಹೆಚ್ಚಾಯಿತೆಂದೇ ಅರ್ಥ, ಒರೆಸಿ. ಮೂರು ನಾಲ್ಕನೇ ದಿನದಿಂದ ಸುವಾಸನೆಯಿಲ್ಲದ ತಿಳಿ ಲೋಷನ್ ಸಾಕಾಗುತ್ತದೆ. ನಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಇರುವ ಮುಲಾಮು ಮುನ್ನೆಚ್ಚರಿಕೆಗೆಂದು ಹಚ್ಚಬೇಡಿ. ಅದಕ್ಕೆ ಅಲರ್ಜಿಯಾಗುವವರು ಕಡಿಮೆಯೇನಲ್ಲ. ಎಸಿ ಕೋಣೆಯಲ್ಲೇ ದಿನ ಕಳೆಯುವವರಿಗೆ ಲೆಕ್ಕ ತಿರುಗುಮುರುಗು: ಅಲ್ಲಿ ಒಣಗಿ ಬಿರಿಯುವ ಭಯ, ಲೋಷನ್ ಒಂದು ಸಲ ಹೆಚ್ಚಿರಲಿ.

ಈಜು ಮೂರು ನಾಲ್ಕು ವಾರ ಬೇಡ. ಬಿಸಿಲಿಗೆ ಸಡಿಲ ಬಟ್ಟೆಯೇ ರಕ್ಷಣೆ. ಸಿಪ್ಪೆ ಪೂರ್ತಿ ಉದುರಿ ಚರ್ಮ ಮುಚ್ಚಿಕೊಂಡ ಮೇಲಷ್ಟೇ ಸನ್‌ಸ್ಕ್ರೀನ್.

ಬ್ಯಾಂಡೇಜ್ ಅಂಟಿಗೆ ಮೊದಲೇ ತುರಿಕೆ ಬರುವವರು ಈ ಫಿಲ್ಮ್ ಕೊಳ್ಳಲೇಬಾರದು. ಕಂಕುಳು, ಮೊಣಕೈ ಮಡಿಕೆ, ಮೊಣಕಾಲಿನ ಹಿಂಭಾಗ, ಸೊಂಟಪಟ್ಟಿ ಕೂರುವ ಜಾಗಗಳಲ್ಲಿ ಒಂದು ದಿನವೂ ನಿಲ್ಲುವುದಿಲ್ಲ, ಅಲ್ಲಿಗೂ ದಂಡ. ಫಿಲ್ಮ್‌ನ ಆಕಾರಕ್ಕೆ ಸರಿಯಾಗಿ ಚೌಕಾಕಾರದ ಕೆಂಪು, ತುರಿಕೆ ಕಂಡರೆ ಅದು ಅಂಟಿನ ಅಲರ್ಜಿ. ತೆಗೆದು ತೊಳೆದರೆ ಇಳಿಯತೊಡಗುತ್ತದೆ. ಮೂರನೇ ದಿನದ ನಂತರ ನೋವು ಏರುತ್ತಿದ್ದರೆ, ಕೆಂಪು ಹರಡುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಹೊಸ ಹಾಳೆ ಅಂಟಿಸಿ ಕಾಯಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ.