ಪುಟ್ಟ ಬಾಯ್ಲರಿಗೆ ಯಾವ ಬೆಳ್ಳಿ ಬೆಸುಗೆ? ಎಸಿ ರಿಪೇರಿ ಕಡ್ಡಿ, ಶೇಕಡಾ 40 ಬೆಳ್ಳಿ, ಶೇಕಡಾ 55 ಬೆಳ್ಳಿ ಮೂರನ್ನೂ ಹಾಕಿ ನೋಡಿದೆ

ಮೂರು ಇಂಚಿನ ತಾಮ್ರದ ಕೊಳವೆ. ನಡುವೆ ಹೊಗೆ ಹೋಗಲು ಇನ್ನೊಂದು ಸಣ್ಣ ಕೊಳವೆ. ಮೇಲೊಂದು, ಕೆಳಗೊಂದು ಮುಚ್ಚಳ. ಕಾರವಾರದ ನಮ್ಮ ಹಿತ್ತಲಲ್ಲಿ ನಾನು ಕಟ್ಟಿದ ಮಾದರಿ ಬಾಯ್ಲರ್ ಇಷ್ಟೇ. ಹಬೆಯ ಒತ್ತಡ 40 ಪಿಎಸ್‌ಐ (ಚದರ ಇಂಚಿಗೆ 40 ಪೌಂಡ್) ಇಟ್ಟುಕೊಂಡೆ. ಅಷ್ಟು ಒತ್ತಡಕ್ಕೆ ಒಳಗಿನ ನೀರು ಸುಮಾರು 141 ಡಿಗ್ರಿ ಬಿಸಿ ಇರುತ್ತದೆ. ರೇಡಿಯೋ ರಿಪೇರಿಗೆ ಬಳಸುವ ತವರ-ಸೀಸದ ಬೆಸುಗೆ 183ಕ್ಕೇ ಮೆದುವಾಗುತ್ತದೆ. ನೀರು ಒಮ್ಮೆ ತಳ ಮುಟ್ಟಿದರೆ ಒಲೆ ಪಕ್ಕದ ಕೀಲು ಬಿಟ್ಟೇ ಬಿಡುತ್ತದೆ. ಹಾಗಾಗಿ ಅದನ್ನು ಮುಟ್ಟಲೇ ಇಲ್ಲ.

ಮೊದಲು ಎಸಿ, ಫ್ರಿಜ್ ರಿಪೇರಿಯವರ ಕಡ್ಡಿ. ತಾಮ್ರಕ್ಕೆ ರಂಜಕ ಸೇರಿಸಿ ಮಾಡಿದ್ದು. ಅಗ್ಗ, ಎಲ್ಲಾ ಕಡೆ ಸಿಗುತ್ತದೆ. ತಾಮ್ರಕ್ಕೆ ತಾಮ್ರ ಕೂಡಿಸಲು ಫ್ಲಕ್ಸೂ (ಕಾಯಿಸುವಾಗ ಲೋಹ ಕಪ್ಪಾಗದಂತೆ ಬಳಿಯುವ ಪುಡಿ) ಬೇಡ. ಕೀಲು ನೋಡಲು ಚೆನ್ನಾಗಿಯೇ ಬಂತು. ತುಂಡನ್ನು ವೈಸಿಗೆ ಕಚ್ಚಿಸಿ ಬಗ್ಗಿಸಿದೆ, ಬೆಸುಗೆಯ ಗೆರೆಯಲ್ಲೇ ಬಿರುಕು ಬಿಟ್ಟಿತು. ಅದಕ್ಕಿಂತ ದೊಡ್ಡ ತೊಂದರೆ ಒಲೆಯದು. ಕಲ್ಲಿದ್ದಲಿನ ಹೊಗೆಯಲ್ಲಿ ಗಂಧಕ ಇರುತ್ತದೆ, ಅದು ರಂಜಕದ ಕೀಲನ್ನು ನಿಧಾನಕ್ಕೆ ತಿನ್ನುತ್ತದೆ. ನನ್ನದು ಕಲ್ಲಿದ್ದಲಿನ ಒಲೆ. ಈ ಕಡ್ಡಿಯನ್ನು ಅಲ್ಲಿಗೇ ಬಿಟ್ಟೆ.

ಪರಿಚಯದವರೊಬ್ಬರು ಹಳೇ ಪೆಟ್ಟಿಗೆಯಿಂದ ಕ್ಯಾಡ್ಮಿಯಂ ಇರುವ ಬೆಳ್ಳಿ ಕಡ್ಡಿ ಕೊಡಲು ಬಂದರು. 610 ಡಿಗ್ರಿಯ ಆಸುಪಾಸಿನಲ್ಲೇ ಎಣ್ಣೆಯ ಹಾಗೆ ಹರಿಯುವ ಮಾಲು ಅದು. ಆದರೆ ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಬೇಡ ಎಂದೆ. ನೀವೂ ಬೇಡ ಅನ್ನಿ.

ಉಳಿದದ್ದು ಕ್ಯಾಡ್ಮಿಯಂ ಇಲ್ಲದ ಎರಡು: ಶೇಕಡಾ 40 ಬೆಳ್ಳಿ, ಶೇಕಡಾ 55 ಬೆಳ್ಳಿ. ನಿಜವಾದ ಪೈಪೋಟಿ ಇವೆರಡರದ್ದೇ.

55ನ್ನು ಮೊದಲ ಸಲ ಹಾಕಿದಾಗ ಪೂರ್ತಿ ಸೋತೆ. ಶಿರಸಿಯಲ್ಲಿ ಗುರುತಿನ ಅಕ್ಕಸಾಲಿ ಶೇಟ್ರೊಬ್ಬರು ಇದ್ದಾರೆ. "ಕಡ್ಡಿಗೆ ಬೆಂಕಿ ತೋರಿಸ್ಬೇಡಿ, ತಾಮ್ರಕ್ಕೆ ತೋರಿಸಿ. ಬೆಳ್ಳಿ ಬಿಸಿ ಇದ್ದಲ್ಲಿಗೆ ತಾನಾಗೇ ಓಡ್ತದೆ" ಅಂತ ಹೇಳಿಕೊಟ್ಟರು, ಫ್ಲಕ್ಸ್ ಆಗಿ ಬಳಸಲು ಒಂದಿಷ್ಟು ಬಿಳಿಗಾರವನ್ನೂ ಕೊಟ್ಟರು. ಮಾತು ನೂರಕ್ಕೆ ನೂರು ಸರಿ. ಬಿಳಿಗಾರ ಮಾತ್ರ ನನ್ನ ಕೆಲಸಕ್ಕೆ ಒಗ್ಗಲಿಲ್ಲ. 55 ಕರಗುವುದು 630ರಿಂದ 660 ಡಿಗ್ರಿಯಲ್ಲಿ. ಬಿಳಿಗಾರ ಕರಗಿ ನೀರಾಗಲು 740 ದಾಟಬೇಕು. ಅಂದರೆ ಬೆಸುಗೆ ತಯಾರಾದಾಗ ಫ್ಲಕ್ಸ್ ಇನ್ನೂ ಗಟ್ಟಿ ಹರಳು, ಅದರ ಅಡಿಯಲ್ಲಿ ತಾಮ್ರ ಕಪ್ಪಾಗಿ ಕೂತಿತ್ತು. ಬೆಳ್ಳಿ ಸಣ್ಣ ಗುಂಡುಗಳಾಗಿ ಉರುಳಿಹೋಯಿತು. ಇಂಥ ಬೆಸುಗೆಗೆ ಫ್ಲೋರೈಡ್ ಇರುವ, ಬೇಗ ಕರಗುವ ಫ್ಲಕ್ಸ್ ಪುಡಿಯೇ ಬೇಕು. ಅದನ್ನು ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಬಳಿದೆ. ಫ್ಲಕ್ಸ್ ತಿಳಿಯಾಗಿ ಹೊಳೆಯುತ್ತಿದ್ದಂತೆ ಕಡ್ಡಿ ಮುಟ್ಟಿಸಿದರೆ ಒಂದೇ ಕ್ಷಣದಲ್ಲಿ ಸುತ್ತೆಲ್ಲ ಓಡಿ ಆ ಬದಿಗೆ ಬೆಳ್ಳಿಗೆರೆ ಕಾಣಿಸಿತು. ಆ ಗೆರೆ ಕಂಡಾಗ ಆದ ಖುಷಿ ಹೇಳತೀರದು! ಇದರ ಹೊಗೆಯೂ ಒಳ್ಳೆಯದಲ್ಲ, ಬಯಲಲ್ಲೇ ಮಾಡಿ.

ಆದರೆ 55ಕ್ಕೆ ಸಂದು ಬಿಗಿಯಾಗಿರಬೇಕು. 0.1 ಮಿಲಿಮೀಟರ್ ಆಸುಪಾಸು ಇದ್ದರೆ ಸರಿ. ನನ್ನ ಒಂದು ಮುಚ್ಚಳ ಸಡಿಲವಿತ್ತು, ಅಲ್ಲಿ ಬೆಳ್ಳಿ ನಿಲ್ಲದೆ ಸೋರಿಹೋಯಿತು.

ಅಲ್ಲಿ 40 ಗೆದ್ದಿತು. ಇದು 650ಕ್ಕೆ ಮೆದುವಾಗಲು ಶುರು, ಪೂರ್ತಿ ಕರಗಲು 710 ಬೇಕು. ಈ 60 ಡಿಗ್ರಿ ನಡುವೆ ಗಂಜಿಯ ಹಾಗೆ ಇರುತ್ತದೆ, ಸಡಿಲ ಸಂದನ್ನು ತುಂಬಿ ಅಂಚಿಗೆ ದಪ್ಪ ಗೆರೆ ಕಟ್ಟುತ್ತದೆ. ಬೆಳ್ಳಿ ಕಮ್ಮಿ, ಹಾಗಾಗಿ ದುಡ್ಡೂ ಕಮ್ಮಿ. ಆದರೆ ಬಿಸಿ ನಿಧಾನಕ್ಕೆ ಏರಿದರೆ ಮೊದಲು ಕರಗಿದ ಪಾಲು ಹರಿದುಹೋಗಿ, ಗಟ್ಟಿ ಪಾಲು ಗಂಟಾಗಿ ಅಲ್ಲೇ ಉಳಿಯುತ್ತದೆ. ಮಧ್ಯಾಹ್ನದ ಕಡಲ ಗಾಳಿಯಲ್ಲಿ ನನಗೆ ಆಗಿದ್ದು ಅದೇ. ಜ್ವಾಲೆ ಅತ್ತಿತ್ತ ಓಲಾಡಿ ತಾಮ್ರ ಕಾಯಲೇ ಇಲ್ಲ. ಮರುದಿನ ಬೆಳಿಗ್ಗೆ ಗಾಳಿ ಏಳುವ ಮೊದಲು, ಸುತ್ತ ಬೆಂಕಿ ಇಟ್ಟಿಗೆ ಜೋಡಿಸಿ, ದೊಡ್ಡ ಗ್ಯಾಸ್ ಟಾರ್ಚ್ ಹಿಡಿದೆ. ಆಗ ಸರಿಹೋಯಿತು.

ಕೊನೆಗೆ ಎರಡನ್ನೂ ಬಳಸಿದೆ. ಹೊಗೆ ಕೊಳವೆ ಮತ್ತು ಮೇಲಿನ ಮುಚ್ಚಳಕ್ಕೆ 40. ಕೊನೆಯಲ್ಲಿ ಕೂರಿಸುವ ಕೆಳಗಿನ ಮುಚ್ಚಳಕ್ಕೆ, ಕಂಚಿನ ಬುಷ್‌ಗಳಿಗೆ (ವಾಲ್ವ್, ಗೇಜು ತಿರುಗಿಸಿ ಕೂರಿಸುವ ಉಂಗುರಗಳಿಗೆ) 55. ಎರಡರ ಬಿಸಿಗೆ ಅಂತರ ಜಾಸ್ತಿ ಇಲ್ಲ. 55 ಹಾಕುವಾಗ ಹಳೇ ಕೀಲಿನ 40 ಮೆದುವಾಗಬಹುದು. ಅದಕ್ಕೇ ಮುಚ್ಚಳವನ್ನು ಮೊದಲೇ ತಾಮ್ರದ ಸಣ್ಣ ರಿವೆಟ್ ಹೊಡೆದು ಹಿಡಿಸಿದ್ದೆ, ಹಳೇ ಕೀಲಿಗೂ ಮತ್ತೆ ಫ್ಲಕ್ಸ್ ಬಳಿದೆ. ಏನೂ ಜರುಗಲಿಲ್ಲ.

ತಣಿದ ಮೇಲೆ ಸಿಟ್ರಿಕ್ ಆಸಿಡ್ ನೀರಲ್ಲಿ ರಾತ್ರಿಯಿಡೀ ನೆನೆಸಿದೆ. ಹುಣಸೆಹಣ್ಣು ಹಾಕಿ ತಿಕ್ಕಿದ ಹಂಡೆಯ ಹಾಗೆ ಕೆಂಪಗೆ ಹೊರಬಂತು. ಆಮೇಲೆ ಒಳಗೆ ಗಾಳಿ ಉಳಿಯದಂತೆ ನೀರು ತುಂಬಿ, ಕೈಪಂಪಿನಲ್ಲಿ ಎರಡು ಪಟ್ಟು, ಅಂದರೆ 80 ಪಿಎಸ್‌ಐ ಏರಿಸಿದೆ. ಒಂದು ಬುಷ್ ಪಕ್ಕ ಸೂಜಿಮೊನೆಯಷ್ಟು ಹನಿ ಕಂಡಿತು. ಒಣಗಿಸಿ, ಫ್ಲಕ್ಸ್ ಬಳಿದು, 55ರ ಒಂದು ಚೂರು ಇಟ್ಟು ಮತ್ತೆ ಕಾಯಿಸಿದೆ. ಎರಡನೇ ಸಲ 20 ನಿಮಿಷ ನಿಲ್ಲಿಸಿದರೂ ಗೇಜಿನ ಮುಳ್ಳು ಅಲುಗಲಿಲ್ಲ.