ತಾರಸಿಯ ಮೇಲಿನ 3 ಕಿಲೋವ್ಯಾಟ್ ಸೌರ ಘಟಕ: ಒಂದು ವರ್ಷದ ಲೆಕ್ಕ

ಮೈಸೂರಿನ ನಮ್ಮ ಮನೆಯ ತಾರಸಿಯ ಮೇಲೆ 3 ಕಿಲೋವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಘಟಕವನ್ನು ಹಾಕಿಸಿ ಒಂದು ವರ್ಷ ತುಂಬಿತು. ಬಿಸಿಲಿನ ತಿಂಗಳೊಂದರ ಬಿಲ್ಲನ್ನೇ ನೋಡಿ ಹೊಗಳುವುದು ಸರಿಯಲ್ಲವೆಂದು, ಮಳೆಗಾಲವನ್ನೂ ದಾಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಘಟಕಕ್ಕೆ ತಗುಲಿದ ಒಟ್ಟು ಖರ್ಚು 1,90,000 ರೂಪಾಯಿ. ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಹೀಗೆ 78,000 ರೂಪಾಯಿಯ ಸಹಾಯಧನ ಸಿಗುತ್ತದೆ. ಘಟಕ ಇನ್ನೂ ದೊಡ್ಡದಾದರೂ ಈ ಮೊತ್ತ ಹೆಚ್ಚುವುದಿಲ್ಲ. ಅದು ನೇರವಾಗಿ ಬ್ಯಾಂಕ್ ಖಾತೆಗೆ ಬಂತು. ಹಾಗಾಗಿ ಕೈಯಿಂದ ಹೋದದ್ದು 1,12,000 ರೂಪಾಯಿ.

ನಮ್ಮ ಮನೆಯಲ್ಲಿ ತಿಂಗಳಿಗೆ ಸರಾಸರಿ 340 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಹಿಂದೆ ಸುಮಾರು 2,650 ರೂಪಾಯಿ ಬರುತ್ತಿದ್ದ ಬಿಲ್ಲು ಈಗ ಮಾರ್ಚ್‌ನಂಥ ತಿಂಗಳಲ್ಲಿ 550ರ ಆಸುಪಾಸಿಗೆ ಇಳಿದಿದೆ. ಮೋಡ ಕವಿದ ಜುಲೈಯಲ್ಲಿ ಉತ್ಪಾದನೆ 250 ಯೂನಿಟ್ ಮಾತ್ರವಾದ್ದರಿಂದ 1,100 ಕಟ್ಟಿದೆವು. ನಿಗದಿತ ಶುಲ್ಕ ಎಂದಿನಂತೆ ಬರುತ್ತದೆ, ಬಿಲ್ಲು ಸೊನ್ನೆಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ವರ್ಷದ ಉಳಿತಾಯವನ್ನು ಕೂಡಿ ನೋಡಿದಾಗ 22,500 ರೂಪಾಯಿ ಆಯಿತು. ಹಾಕಿದ ಹಣ ಐದು ವರ್ಷದಲ್ಲಿ ಮರಳುತ್ತದೆ.

ಇದೇ ಹಣವನ್ನು ಬ್ಯಾಂಕಿನಲ್ಲಿ ಶೇ. 7ರ ಬಡ್ಡಿಗೆ ಠೇವಣಿ ಇಟ್ಟಿದ್ದರೆ ವರ್ಷಕ್ಕೆ 7,840 ರೂಪಾಯಿ ಬರುತ್ತಿತ್ತು, ಅದಕ್ಕೂ ತೆರಿಗೆ ಬೀಳುತ್ತಿತ್ತು. ಆದರೆ ಈ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ: ಠೇವಣಿಯ ಅಸಲು ಕೊನೆಗೆ ಕೈಗೆ ಬರುತ್ತದೆ, ಫಲಕಕ್ಕೆ ಹಾಕಿದ ಅಸಲು ಬರುವುದಿಲ್ಲ. ಹಾಗಿದ್ದರೂ ಫಲಕಗಳಿಗೆ 25 ವರ್ಷದ ಉತ್ಪಾದನಾ ಖಾತರಿ ಇರುವುದರಿಂದ ಮೊದಲ ಐದು ವರ್ಷ ಕಳೆದ ಮೇಲೆ, ಕೊನೆಯಲ್ಲಿ ಹೇಳುವ ಇನ್ವರ್ಟರ್ ಖರ್ಚೊಂದನ್ನು ಬಿಟ್ಟರೆ, ಬರುವುದೆಲ್ಲ ಲಾಭವೇ, ವಿದ್ಯುತ್ ದರ ಏರಿದಷ್ಟೂ ಉಳಿತಾಯವೂ ಏರುತ್ತದೆ. ನಾನು ಹಣ ಹೂಡಿದ ಯಾವುದರಲ್ಲೂ ಇಷ್ಟು ಖಚಿತವಾದ ಆದಾಯವನ್ನು ಕಂಡಿಲ್ಲ.

ಎಲ್ಲರಿಗೂ ಇದು ಲಾಭ ಎಂದು ಮಾತ್ರ ಹೇಳಲಾರೆ. ಗೃಹಜ್ಯೋತಿಯ ಮಿತಿಯೊಳಗೆ, ಅಂದರೆ ಹೆಚ್ಚೆಂದರೆ 200 ಯೂನಿಟ್‌ನೊಳಗೆ ಸಂಸಾರ ನಡೆಸುವ ಮನೆಗೆ ಬಿಲ್ಲೇ ಇಲ್ಲದಿರುವಾಗ ಉಳಿಸುವುದಕ್ಕೆ ಏನಿದೆ? ಅಗತ್ಯಕ್ಕಿಂತ ದೊಡ್ಡ ಘಟಕವೂ ಬೇಡ. ಹೆಚ್ಚುವರಿ ವಿದ್ಯುತ್ತಿಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ.

ಅಳವಡಿಕೆಯಲ್ಲಿ ನನಗೊಂದು ಬೇಸರವಾಯಿತು. ಕೆಲಸ ವಹಿಸಿಕೊಂಡ ಸಂಸ್ಥೆಯವರು ಆರು ಫಲಕಗಳಲ್ಲಿ ಒಂದನ್ನು ನೀರಿನ ತೊಟ್ಟಿಗೆ ತೀರ ಹತ್ತಿರ ನಿಲ್ಲಿಸಿದ್ದರು. ಮಧ್ಯಾಹ್ನ ಮೂರಾಗುತ್ತಲೇ ತೊಟ್ಟಿಯ ನೆರಳು ಅದರ ಮೂಲೆಯಿಂದ ಅಂಗೈಯಗಲ ಹತ್ತಿ ಮೆಲ್ಲಗೆ ಅರ್ಧದವರೆಗೆ ಹರಡುತ್ತಿತ್ತು. ಫಲಕಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ತಗ್ಗಿಸಬಲ್ಲದು. ಮೂರು ಬಾರಿ ಕರೆದ ಮೇಲೆ ಬಂದು ಜಾಗ ಬದಲಿಸಿಕೊಟ್ಟರು. ಕಂಬ ನಿಲ್ಲಿಸುವ ಮುನ್ನ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ತಾರಸಿಗೆ ಹೋಗಿ ನೆರಳು ಎಲ್ಲಿ ಬೀಳುತ್ತದೆಂದು ಗುರುತು ಹಾಕಿಕೊಳ್ಳಿ.

ಇನ್ನೊಂದು ಮಾತನ್ನು ಮೊದಲೇ ತಿಳಿದಿರಬೇಕು. ಬ್ಯಾಟರಿಯಿಲ್ಲದ ಇಂಥ ಘಟಕ ಕರೆಂಟ್ ಹೋದಾಗ ಸುಡು ಬಿಸಿಲಿದ್ದರೂ ತಾನಾಗಿ ನಿಲ್ಲುತ್ತದೆ. ತಂತಿ ದುರಸ್ತಿ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯ ವಿದ್ಯುತ್ ತಗುಲಬಾರದೆಂಬ ಕಾರಣಕ್ಕೆ ಈ ಏರ್ಪಾಡು, ಅದು ಇರಲೇಬೇಕಾದದ್ದು.

ನಿರ್ವಹಣೆ ಹಗುರ. ಹದಿನೈದು ದಿನಕ್ಕೊಮ್ಮೆ, ಗಾಜು ಇನ್ನೂ ತಣ್ಣಗಿರುವ ನಸುಕಿನಲ್ಲಿ ನೀರು ಹಾಯಿಸಿ ಮೆತ್ತನೆಯ ಬಟ್ಟೆಯಿಂದ ಒರೆಸುತ್ತೇನೆ. ಫಲಕಗಳ ವಿದ್ಯುತ್ತನ್ನು ಮನೆಯ ಬಳಕೆಗೆ ತಕ್ಕಂತೆ ಪರಿವರ್ತಿಸುವ ಇನ್ವರ್ಟರ್ ಮಾತ್ರ ಫಲಕಗಳಷ್ಟು ಕಾಲ ಬಾಳುವುದಿಲ್ಲ, ಸುಮಾರು ಹತ್ತು ವರ್ಷಕ್ಕೆ ಅದನ್ನು ಬದಲಿಸಬೇಕಾಗುತ್ತದೆ. ಅದಕ್ಕೆಂದೇ ಪ್ರತಿ ತಿಂಗಳ ಉಳಿತಾಯದಲ್ಲಿ 400 ರೂಪಾಯಿಯನ್ನು ಆರ್.ಡಿ. ಖಾತೆಗೆ ಕಟ್ಟುತ್ತಾ ಬಂದಿದ್ದೇನೆ.